ಎರಡು ಸೆನ್ಸರ್‌ಗಳ ಟೈಮ್ ಬೇರೆಯಾಗುತ್ತಿದೆಯಾ? ಬೋರ್ಡ್ ಕೆಟ್ಟಿಲ್ಲ

ಬೆಳಿಗ್ಗೆ ಒಟ್ಟಿಗೆ ಟೈಮ್ ಸೆಟ್ ಮಾಡಿದ ಎರಡು ಬ್ಲೂಟೂತ್ ಸೆನ್ಸರ್‌ಗಳು ಮರುದಿನಕ್ಕೆ 3 ಸೆಕೆಂಡ್ ಬೇರೆಯಾಗುತ್ತವೆ, ಬೋರ್ಡ್ ಕೆಟ್ಟಿದೆಯಾ ಅಂತ ಕೇಳಿದ್ದೀರಿ. ಕೆಟ್ಟಿಲ್ಲ, ಹೊಸದು ತರಬೇಡಿ. ಬೋರ್ಡ್‌ನ ಗಡಿಯಾರವನ್ನು ಓಡಿಸುವ ನಿಮ್ಮ 32.768 ಕಿಲೋಹರ್ಟ್ಸ್ ಕ್ರಿಸ್ಟಲ್ 20 ಪಿಪಿಎಂನದಾದರೆ (ಅಂದರೆ ಹತ್ತು ಲಕ್ಷಕ್ಕೆ 20 ಪಾಲು ತಪ್ಪುವಂಥದ್ದಾದರೆ) ದಿನಕ್ಕೆ 1.7 ಸೆಕೆಂಡ್ ಹೆಚ್ಚುಕಮ್ಮಿ ಆಗಬಹುದು. ಒಂದು ಮುಂದೆ ಓಡಿ ಇನ್ನೊಂದು ಹಿಂದೆ ಬಿದ್ದರೆ ಅಂತರ ಮೂರೂವರೆ ಸೆಕೆಂಡಿನ ಹತ್ತಿರ. ಇದರ ಮೇಲೆ ಬಿಸಿಲು ಬೇರೆ. ಈ ಕ್ರಿಸ್ಟಲ್ 25 ಡಿಗ್ರಿಯ ಆಸುಪಾಸಿನಲ್ಲಿ ಚೆನ್ನಾಗಿ ಓಡುತ್ತದೆ, ಬಿಸಿಯಾದರೂ ತಣ್ಣಗಾದರೂ ನಿಧಾನವಾಗುತ್ತದೆ.

ಈಗ ಮುಖ್ಯ ವಿಷಯ. ‘ಈಗ ಗಂಟೆ ಇಷ್ಟು’ ಅಂತ ಸುಮ್ನೆ ಮೆಸೇಜ್ ಕಳಿಸಿದರೆ ಸಾಲದು. ಅದು ಮುಂದಿನ ಕನೆಕ್ಷನ್ ಇವೆಂಟ್‌ಗೆ, ಅಂದರೆ ಎರಡೂ ಕಡೆಯ ರೇಡಿಯೊ ಮಾತಾಡುವ ಮುಂದಿನ ಸರದಿಗೆ ಕಾಯುತ್ತದೆ, ಎರಡು ಸರದಿಗಳ ನಡುವಿನ ಇಂಟರ್ವಲ್ 7.5 ಮಿಲಿಸೆಕೆಂಡಿನಿಂದ 4 ಸೆಕೆಂಡ್‌ವರೆಗೂ ಇರಬಹುದು. ತಲುಪುವಾಗ ಆ ಗಂಟೆ ಹಳೆಯದಾಗಿರುತ್ತೆ ಅಲ್ವಾ? ಅದಕ್ಕೆ ಎರಡು ಹೆಜ್ಜೆ ಮಾಡಿ. ಪ್ಯಾಕೆಟ್ ರೇಡಿಯೊದಿಂದ ಹೊರಟ ಕ್ಷಣವನ್ನು ಗೇಟ್‌ವೇ (ಸೆನ್ಸರ್‌ಗಳಿಗೆ ಟೈಮ್ ಕಳಿಸುವ ಸಾಧನ) ಬರೆದಿಟ್ಟುಕೊಳ್ಳಲಿ, ಬಂದ ಕ್ಷಣವನ್ನು ಸೆನ್ಸರ್ ಬರೆದಿಟ್ಟುಕೊಳ್ಳಲಿ. ಹೊರಟ ಟೈಮನ್ನು ಮುಂದಿನ ಪ್ಯಾಕೆಟ್‌ನಲ್ಲಿ ಕಳಿಸಿ, ಸೆನ್ಸರ್ ಎರಡನ್ನೂ ಹೋಲಿಸಿ ತನ್ನ ಟೈಮ್ ಸರಿಮಾಡಿಕೊಳ್ಳಲಿ. ನಿಮ್ಮ ಎನ್‌ಆರ್‌ಎಫ್52 ಚಿಪ್‌ನಲ್ಲಿ ಪಿಪಿಐ (ಚಿಪ್‌ನ ಭಾಗಗಳನ್ನು ಪ್ರೊಸೆಸರ್ ನಡುವೆ ಬರದಂತೆ ಜೋಡಿಸುವ ವ್ಯವಸ್ಥೆ) ಮೂಲಕ ರೇಡಿಯೊ ಇವೆಂಟನ್ನು ನೇರವಾಗಿ ಟೈಮರ್‌ಗೆ ಜೋಡಿಸಬಹುದು, ಸಾಫ್ಟ್‌ವೇರ್ ತಡ ಅಡ್ಡ ಬರುವುದಿಲ್ಲ. ಗಾಳಿಯಲ್ಲಿ ಹೋಗುವ ಸಮಯ ಬಿಟ್ಟುಬಿಡಿ, 10 ಮೀಟರ್‌ಗೆ ಬರೀ 33 ನ್ಯಾನೊಸೆಕೆಂಡ್.

ಹತ್ತು ನಿಮಿಷಕ್ಕೊಮ್ಮೆ ಹೀಗೆ ಮಾಡಿದರೂ 40 ಪಿಪಿಎಂ ಅಂತರಕ್ಕೆ (ಒಂದು 20 ಮುಂದೆ, ಇನ್ನೊಂದು 20 ಹಿಂದೆ) ವ್ಯತ್ಯಾಸ 24 ಮಿಲಿಸೆಕೆಂಡ್ ಮೀರುವುದಿಲ್ಲ. ಹಿಂದಿನ ಎರಡು ಅಳತೆಯಿಂದ ಓಟದ ವೇಗವನ್ನೂ ಸರಿಪಡಿಸಿದರೆ ಇನ್ನೂ ಕಮ್ಮಿಯಾಗುತ್ತದೆ. ಮಾಡಿ ನೋಡಿ, ಎಲ್ಲಿ ಸಿಕ್ಕಿಕೊಂಡರೂ ಕೋಡ್ ಹಾಕಿ, ಕೂತು ನೋಡೋಣ.