ಮೋಡದ ಮರೆಯಲ್ಲಿ ಕರಗುವ ಹಿಮ

ಪ್ರಶ್ನೆ: ನಮ್ಮ ಮನೆ ಹೆಡ್‌ಲ್ಯಾಂಡ್ ಸಡಾದಲ್ಲಿ, ರಾಷ್ಟ್ರೀಯ ಧ್ರುವ ಮತ್ತು ಸಾಗರ ಸಂಶೋಧನಾ ಕೇಂದ್ರಕ್ಕೆ ಹತ್ತಿರದಲ್ಲಿದೆ. ಪರ್ವತಗಳ ಹಿಮ ಕರಗುವುದನ್ನು ಉಪಗ್ರಹಗಳು ಮೈಕ್ರೋವೇವ್‌ನಿಂದ ತಿಳಿಯುತ್ತವೆಂದು ಓದಿದೆ. ಓವನ್ನಿನಲ್ಲಿ ಆಗುವಂತೆ ಆ ಅಲೆಗಳೇ ಹಿಮವನ್ನು ಬಿಸಿ ಮಾಡುವುದಿಲ್ಲವೇ? ಕರಗಿದ ನೀರೆಷ್ಟೆಂಬುದೂ ಗೊತ್ತಾಗುತ್ತದೆಯೇ?
– ಓದುಗರೊಬ್ಬರು, ವಾಸ್ಕೋ, ಗೋವಾ

ಉತ್ತರ: ಬಿಸಿ ಮಾಡುವ ಮಾತೇ ಇಲ್ಲ. ಈ ಕೆಲಸಕ್ಕೆ ಬಹುಕಾಲದಿಂದ ಬಳಸುತ್ತಿರುವ ರೇಡಿಯೋಮೀಟರ್ ಯಾವ ಅಲೆಯನ್ನೂ ಕಳಿಸುವುದಿಲ್ಲ. ನೆಲ ಮತ್ತು ಹಿಮ ತಾವಾಗಿಯೇ ಹೊರಸೂಸುವ ಅತಿ ಕ್ಷೀಣ ಮೈಕ್ರೋವೇವ್ ವಿಕಿರಣವನ್ನು ಅದು ಗ್ರಹಿಸುತ್ತದೆ, ಅಷ್ಟೇ. ಹೀಗೆ ಗ್ರಹಿಸಿದ ವಿಕಿರಣದ ತೀವ್ರತೆಯನ್ನು ಕೆಲ್ವಿನ್ ಮಾನದಲ್ಲಿ ಹೇಳಿದಾಗ ಅದು ‘ಪ್ರಕಾಶ ತಾಪಮಾನ’ ಎನಿಸಿಕೊಳ್ಳುತ್ತದೆ.

ಸಾಮಾನ್ಯವಾಗಿ ನೋಡುವುದು 37 ಗಿಗಾಹರ್ಟ್ಸ್ ಆಸುಪಾಸಿನ, ಸುಮಾರು 8 ಮಿಲಿಮೀಟರ್ ಉದ್ದದ ಅಲೆಗಳನ್ನು. ಒಣ ಹಿಮದಲ್ಲಿ ದಪ್ಪ ರವೆಯಷ್ಟಿರುವ ಹರಳುಗಳು ಕೆಳಗಿನಿಂದ ಬರುವ ವಿಕಿರಣವನ್ನು ಚದುರಿಸುವುದರಿಂದ ಪ್ರಕಾಶ ತಾಪಮಾನ ಹಿಮದ ನಿಜವಾದ ಉಷ್ಣತೆಗಿಂತ ಬಹಳ ಕಡಿಮೆಯಿರುತ್ತದೆ. ಬಿಸಿಲಿಗೆ ಹರಳುಗಳ ಸುತ್ತ ನೀರಿನ ತೆಳುಪೊರೆ ಮೂಡಿತೆನ್ನಿ: ಹಿಮದ ಗಾತ್ರದಲ್ಲಿ ಶೇಕಡಾ 1ರಷ್ಟು ನೀರಿದ್ದರೂ ಸಾಕು, ಚದುರುವಿಕೆ ಕುಗ್ಗಿ, ಒದ್ದೆ ಪದರವೇ ಬಲವಾಗಿ ವಿಕಿರಣ ಸೂಸತೊಡಗಿ, ಅಳತೆ ಒಮ್ಮೆಲೇ ಜಿಗಿಯುತ್ತದೆ.

ಈ ವಿಧಾನದ ನಿಜವಾದ ಜಾಣತನವಿರುವುದು ಹಗಲು ರಾತ್ರಿಗಳ ಹೋಲಿಕೆಯಲ್ಲಿ. 2002ರಿಂದ 2011ರವರೆಗೆ ಅಳತೆ ಕಳಿಸಿದ ಎಎಂಎಸ್‌ಆರ್-ಇ ಉಪಕರಣ ಮಧ್ಯಾಹ್ನ ಒಂದೂವರೆಗೊಮ್ಮೆ, ನಡುರಾತ್ರಿ ಒಂದೂವರೆಗೊಮ್ಮೆ ಹಾದುಹೋಗುತ್ತಿತ್ತು. ಹಗಲು ಕರಗಿ ರಾತ್ರಿ ಮರಳಿ ಹೆಪ್ಪುಗಟ್ಟುವ ದಿನಗಳಲ್ಲಿ ಎರಡು ಅಳತೆಗಳ ನಡುವಿನ ಅಂತರ ದೊಡ್ಡದಾಗಿರುತ್ತದೆ. ಅಂತರ ಕುಗ್ಗಿ ಎರಡೂ ಮೇಲೆಯೇ ಉಳಿದರೆ ಹಿಮ ರಾತ್ರಿಯೂ ಒದ್ದೆಯಾಗಿದೆಯೆಂದು ಅರ್ಥ. ಅಲಾಸ್ಕದ ಜೂನೋ ಹಿಮಕ್ಷೇತ್ರದಲ್ಲಿ ಎಸ್‌ಎಸ್‌ಎಂ/ಐ ಎಂಬ ಹಳೆಯ ಉಪಕರಣದ ಅಳತೆಗಳಿಗೆ 246 ಕೆಲ್ವಿನ್ ಪ್ರಕಾಶ ತಾಪಮಾನ, 10 ಕೆಲ್ವಿನ್ ಹಗಲು-ರಾತ್ರಿ ಅಂತರ ಎಂಬ ಗಡಿಗಳನ್ನು ಬಳಸಿ ಕರಗುವಿಕೆಯ ಆರಂಭವನ್ನು ಗುರುತಿಸಲಾಯಿತು. ಆದರೆ ಆ ಅಳತೆಯ ಒಂದೊಂದು ಚೌಕವೂ 25 ಕಿಲೋಮೀಟರ್ ಅಗಲ. ಸುಮಾರು 3,900 ಚದರ ಕಿಲೋಮೀಟರಿನ ಆ ಹಿಮಕ್ಷೇತ್ರವಿಡೀ ಆರು ಚೌಕಗಳಲ್ಲೇ ಮುಗಿಯುತ್ತದೆ!

ನಮ್ಮ ಹಿಮಾಲಯಕ್ಕೆ ಇಷ್ಟು ಒರಟು ಅಳತೆ ಸಾಲದು, ಏಕೆಂದರೆ ಒಂದೇ ಚೌಕದೊಳಗೆ ಶಿಖರವೂ ಕಣಿವೆಯೂ ಬೆರೆತುಹೋಗುತ್ತವೆ. ಅಲ್ಲಿ ಸೆಂಟಿನೆಲ್-1ರಂಥ ರೇಡಾರ್ ಉಪಗ್ರಹಗಳು ಹೆಚ್ಚು ಉಪಯುಕ್ತ. ಇವು ಅಲೆಗಳನ್ನು ಕಳಿಸುವುದು ನಿಜ, ಆದರೆ ನೆಲ ಮುಟ್ಟುವಾಗ ಅವುಗಳ ಶಕ್ತಿ ಹಿಮ ಕರಗಿಸಲು ಲೆಕ್ಕಕ್ಕೇ ಬಾರದಷ್ಟು. ಒದ್ದೆ ಹಿಮ ಆ ಅಲೆಗಳನ್ನು ಹೀರಿಕೊಳ್ಳುವುದರಿಂದ ಮರುಧ್ವನಿ ಅರ್ಧಕ್ಕೋ ಅದಕ್ಕೂ ಕೆಳಗೋ ಇಳಿಯುತ್ತದೆ. ಮಳೆಗಾಲದ ಮೋಡ ಇದಕ್ಕೆ ಅಡ್ಡಿಯಾಗದು. ಕಡಿದಾದ ಇಳಿಜಾರುಗಳ ಮರೆಯಲ್ಲಿ ರೇಡಾರ್ ಅಲೆ ತಲುಪದ ‘ನೆರಳು’ ಮಾತ್ರ ಕಾಡುತ್ತದೆ. ಇಸ್ರೋ ಮತ್ತು ನಾಸಾ ಜಂಟಿಯಾಗಿ ರೂಪಿಸಿದ ರೇಡಾರ್ ಉಪಗ್ರಹ ನಿಸಾರ್ 2025ರ ಜುಲೈ 30ರಂದು ಶ್ರೀಹರಿಕೋಟಾದಿಂದ ಮೇಲೇರಿದ್ದು, ಹಿಮದ ಅಧ್ಯಯನವೂ ಅದರ ಕಾರ್ಯಗಳಲ್ಲಿ ಸೇರಿದೆ.

ಇನ್ನು ನೀರಿನ ಪ್ರಮಾಣ. ಹಿಮ ಚೆನ್ನಾಗಿ ಒದ್ದೆಯಾದ ಮೇಲೆ, ಇನ್ನೆಷ್ಟು ಕರಗಿದರೂ ಅಳತೆ ಹೆಚ್ಚೇನೂ ಬದಲಾಗುವುದಿಲ್ಲ. ಆದ್ದರಿಂದ ಮೈಕ್ರೋವೇವ್ ‘ಕರಗುತ್ತಿದೆಯೇ, ಎಂದಿನಿಂದ’ ಎಂಬುದಕ್ಕೆ ಉತ್ತರಿಸುತ್ತದೆಯೇ ಹೊರತು ‘ಎಷ್ಟು’ ಎಂಬುದಕ್ಕಲ್ಲ. ಅದಕ್ಕೆ ಹವಾಮಾನದ ದಾಖಲೆ, ಹೊಳೆಯ ಹರಿವಿನ ಮಾಪನ, ಹಿಮನದಿಯೊಳಗೆ ನೆಟ್ಟ ಗಳುಗಳು ಬೇಕು. ನಿಮ್ಮ ನೆರೆಯ ಕೇಂದ್ರವೇ ಇಂಥ ಅಧ್ಯಯನಕ್ಕಾಗಿ 2016ರಲ್ಲಿ ಹಿಮಾಚಲದ ಸ್ಪಿತಿಯಲ್ಲಿ, 13,000 ಅಡಿಗೂ ಎತ್ತರದಲ್ಲಿ, ‘ಹಿಮಾಂಶ್’ ಎಂಬ ಠಾಣೆಯನ್ನು ತೆರೆದಿದೆ.