ಓದುಗರ ಪ್ರಶ್ನೆ: ಹೊರಗೆ ಕರಕಲು, ಒಳಗೆ ಹಸಿ

ಪ್ರಶ್ನೆ: ಜಮೈಕಾದ ಜರ್ಕ್ ಚಿಕನ್ ಅನ್ನು ಇದ್ದಿಲ ಗ್ರಿಲ್‌ನಲ್ಲಿ ಮಾಡಿದೆ. ಹದಿನೈದೇ ನಿಮಿಷಕ್ಕೆ ಮೇಲೆಲ್ಲ ಕರಿ, ಮೂಳೆ ಹತ್ತಿರ ಹಸಿ. ಏನು ತಪ್ಪಿದೆ?

ಉತ್ತರ: ತಂದೂರಿಯ ಹಾಗೆ ನೇರ ಕೆಂಡದ ಮೇಲೆ ಇಟ್ಟಿದ್ದೀರಿ. ಜರ್ಕ್ ಹೊಗೆಯಲ್ಲಿ ನಿಧಾನಕ್ಕೆ ಬೇಯಬೇಕು. ಇದಕ್ಕೆ ಹೆಸರಾದ ಜಮೈಕಾದ ಬೋಸ್ಟನ್ ಬೇಯಲ್ಲಿ ಕೆಂಡದ ಮೇಲೆ ಪಿಮೆಂಟೋ (ಆಲ್‌ಸ್ಪೈಸ್) ಮರದ ಹಸಿ ಕೋಲುಗಳನ್ನು ಜೋಡಿಸಿ, ಅದರ ಮೇಲೆ ಮಾಂಸವಿಟ್ಟು, ತಗಡು ಮುಚ್ಚುತ್ತಾರೆ.

ನೀವು ಕೆಂಡವನ್ನೆಲ್ಲ ಒಂದು ಬದಿಗೆ ತಳ್ಳಿ. ಮಸಾಲೆಯ ಈರುಳ್ಳಿ ಚೂರು, ಸಿಹಿ ಎರಡೂ ಬೇಗ ಸೀಯುತ್ತವೆ. ದಪ್ಪಗೆ ಮೆತ್ತಿಕೊಂಡಿದ್ದನ್ನು ಬೆರಳಲ್ಲಿ ಸವರಿ ತೆಗೆಯಿರಿ. ಕಾಲುಗಳನ್ನು ಕೆಂಡವಿಲ್ಲದ ಬದಿಗೆ, ಚರ್ಮ ಮೇಲೆ ಬರುವಂತೆ ಇಟ್ಟು ಮುಚ್ಚಿ. ಗ್ರಿಲ್‌ನ ಒಳಗಿನ ಶಾಖ 150–160 ಡಿಗ್ರಿ ಸೆಲ್ಸಿಯಸ್ ಇದ್ದರೆ 45–50 ನಿಮಿಷ ಬೇಕು. ಮೂಳೆಗೆ ತಾಗದಂತೆ ಚುಚ್ಚಿದ ಥರ್ಮಾಮೀಟರ್ 74 ತೋರಿಸಿದರೆ ತಿನ್ನಲಡ್ಡಿಯಿಲ್ಲ, ಆದರೆ ಕಾಲಿನ ಮಾಂಸ ಮೆತ್ತಗಾಗಲು 80 ದಾಟಲಿ. ಕೊನೆಗೆ ಎರಡು ನಿಮಿಷ ಕೆಂಡದ ಮೇಲೆ ಹೊರಳಿಸಿ. ಎಳೆ ಬ್ರಾಯ್ಲರ್‌ನಲ್ಲಿ ಬೆಂದ ಮೇಲೂ ಮೂಳೆ ಪಕ್ಕ ಕೆಂಪು ಉಳಿಯುವುದುಂಟು; ಬಣ್ಣ ನೋಡಿ ತೀರ್ಮಾನಿಸಬೇಡಿ.

ಅಂದಹಾಗೆ, ಅಂಗಡಿಯಲ್ಲಿ ‘ವಿತ್ ಸ್ಕಿನ್’ ಎಂದು ಕೇಳಿಯೇ ತನ್ನಿ. ಚರ್ಮ ಸುಲಿದ ಕೋಳಿ ಅಷ್ಟು ಹೊತ್ತಿಗೆ ಒಣಗಿ ನಾರಾಗುತ್ತದೆ.

ಪ್ರಶ್ನೆ: ಒಂದು ಕಿಲೋಗೆ ಮಸಾಲೆ ಎಷ್ಟು? ಆಲ್‌ಸ್ಪೈಸ್ ಬದಲು ಗರಂ ಮಸಾಲೆ ಹಾಕಬಹುದೇ?

ಉತ್ತರ: ಬೇಡ. ಹೆಸರು ಹಾಗಿದ್ದರೂ ಆಲ್‌ಸ್ಪೈಸ್ ಮಿಶ್ರಣವಲ್ಲ, ಅದೇ ಪಿಮೆಂಟೋ ಮರದ ಒಣಗಿದ ಕಾಯಿ. ಜೀರಿಗೆ, ಕೊತ್ತಂಬರಿ ಸೇರಿದರೆ ಅದು ನಮ್ಮ ಕಬಾಬ್ ಆಗಿಬಿಡುತ್ತದೆ. 2 ಚಮಚ ಕಾಯಿ ಬೆಚ್ಚಗೆ ಹುರಿದು ಪುಡಿ ಮಾಡಿ. ಅದರ ಜೊತೆ ಸ್ಪ್ರಿಂಗ್ ಆನಿಯನ್ 6 ಎಳೆ, ಬೆಳ್ಳುಳ್ಳಿ 5 ಎಸಳು, ಒಂದಿಂಚು ಶುಂಠಿ, ಒಣ ಥೈಮ್ 1 ಚಮಚ, ಜಾಯಿಕಾಯಿ ಕಾಲು ಚಮಚ, ಬೆಲ್ಲ 2 ಚಮಚ, ಸೋಯಾ ಸಾಸ್ 2 ದೊಡ್ಡ ಚಮಚ, ಉಪ್ಪು ಒಂದೂವರೆ ಚಮಚ ಹಾಕಿ ತರಿತರಿಯಾಗಿ ರುಬ್ಬಿ. ರಾತ್ರಿಯಿಡೀ ಫ್ರಿಜ್‌ನಲ್ಲಿ ನೆನೆಸಿ. ನಿಂಬೆರಸ ಮಾತ್ರ ಸುಡುವ ಒಂದು ಗಂಟೆ ಮೊದಲು. ಹೆಚ್ಚು ಹೊತ್ತು ಹುಳಿಯಲ್ಲಿದ್ದರೆ ಮಾಂಸದ ಮೇಲ್ಮೈ ಹಿಟ್ಟಿನಂತಾಗುತ್ತದೆ.

ಜಮೈಕಾದ ಸ್ಕಾಚ್ ಬಾನೆಟ್ ಮೆಣಸಿಗೆ ಖಾರದ ಜೊತೆ ಹಣ್ಣಿನ ಪರಿಮಳವೂ ಇದೆ. ಅದರ ಬದಲು ಹಬನೇರೊ ಮೆಣಸು ಸಿಕ್ಕರೆ ರುಬ್ಬುವಾಗ ಎರಡು ಹಾಕಿದರೆ ಸಾಕು. ಗಾಂಧಾರಿ ಮೆಣಸು ಖಾರ ಕೊಡುತ್ತದೆ, ಆ ಪರಿಮಳ ಕೊಡದು. ಕರಾವಳಿಯ ಹಿತ್ತಿಲಲ್ಲಿ ಆಲ್‌ಸ್ಪೈಸ್ ಗಿಡವಿದ್ದವರು ಅದರ ಹಸಿ ಎಲೆಗಳನ್ನು ನೀರಲ್ಲಿ ಅದ್ದಿ ಕೆಂಡದ ಮೇಲೆ ಹಾಕಿ. ಪಿಮೆಂಟೋ ಹೊಗೆಗೆ ಅದೇ ಹತ್ತಿರ.