ಹೆರಿಗೆಯಾದ ಮೇಲೆ ಕೂದಲು ತುಂಬಾ ಉದುರುತ್ತಿದೆ, ಏನು ಮಾಡಲಿ?

ಮಗುವಿಗೆ 4 ತಿಂಗಳು, ತಲೆ ಬಾಚಿದರೆ ಕೈತುಂಬ ಕೂದಲು ಬರುತ್ತದೆ ಅಂತ ಕೇಳಿದ್ದೀರಿ. ಗಾಬರಿ ಬೇಡ, ಇದು ಬಹಳ ಜನರಿಗೆ ಆಗುವಂಥದ್ದೇ.

ಗರ್ಭಿಣಿಯಾಗಿದ್ದಾಗ ಈಸ್ಟ್ರೋಜೆನ್ ಅನ್ನೋ ಹಾರ್ಮೋನ್ ಜಾಸ್ತಿ ಇರುತ್ತದೆ. ಹಾಗಾಗಿ ಉದುರಬೇಕಾದ ಕೂದಲೂ ತಲೆಯಲ್ಲೇ ಉಳಿದುಬಿಡುತ್ತದೆ. ಆಗ ಕೂದಲು ದಟ್ಟವಾಗಿ ಕಂಡಿರಬೇಕು, ಅಲ್ವಾ? ಹೆರಿಗೆಯಾದ ಮೇಲೆ ಆ ಹಾರ್ಮೋನ್ ಥಟ್ಟನೆ ಇಳಿಯುತ್ತದೆ. ಉಳಿದಿದ್ದ ಕೂದಲೆಲ್ಲ 2ರಿಂದ 4 ತಿಂಗಳ ನಂತರ ಒಟ್ಟಿಗೆ ಉದುರುತ್ತದೆ. ಬೇರು ಸತ್ತಿರುವುದಿಲ್ಲ. ಹೆಚ್ಚಿನವರಿಗೆ ಮಗುವಿನ ಮೊದಲ ಹುಟ್ಟುಹಬ್ಬದ ಹೊತ್ತಿಗೆ ಸರಿಹೋಗುತ್ತದೆ.

ಇದನ್ನು ನಿಲ್ಲಿಸುವ ಎಣ್ಣೆ, ಶಾಂಪೂ ಯಾವುದೂ ಇಲ್ಲ. ಸುಮ್ನೆ ದುಡ್ಡು ಹಾಳು ಮಾಡಬೇಡಿ. ಬಿಗಿಯಾಗಿ ಜಡೆ ಹಾಕಬೇಡಿ, ಒದ್ದೆ ಕೂದಲನ್ನು ಎಳೆದು ಬಾಚಬೇಡಿ. ಹಾಲುಣಿಸುತ್ತಿದ್ದರೆ ಡಾಕ್ಟರನ್ನು ಕೇಳದೆ ಮಿನಾಕ್ಸಿಡಿಲ್ (ಕೂದಲು ಬೆಳೆಯಲು ತಲೆಗೆ ಹಚ್ಚುವ ಔಷಧಿ) ಹಚ್ಚಲೇಬೇಡಿ.

ಇನ್ನೊಂದು ಮಾತು. ಉದುರಿದ ಕೂದಲು ಮಗುವಿನ ಕಾಲ್ಬೆರಳಿಗೆ ಬಿಗಿಯಾಗಿ ಸುತ್ತಿಕೊಂಡು ರಕ್ತ ಓಡಾಟವನ್ನೇ ತಡೆಯಬಹುದು. ಮಗು ಏಕೋ ಅಳು ನಿಲ್ಲಿಸದಿದ್ದರೆ ಬೆರಳುಗಳನ್ನೂ ನೋಡಿ.

ವರ್ಷ ದಾಟಿದರೂ ಉದುರುತ್ತಿದ್ದರೆ, ಅಲ್ಲಲ್ಲಿ ಬೋಳಾದರೆ ಅಥವಾ ವಿಪರೀತ ಸುಸ್ತಿದ್ದರೆ ಡಾಕ್ಟರ್ ಹತ್ತಿರ ಹೋಗಿ. ಕಬ್ಬಿಣಾಂಶ, ಥೈರಾಯ್ಡ್ ಎರಡನ್ನೂ ಪರೀಕ್ಷೆ ಮಾಡಿಸಿ.